ತಣ್ಣೀರಿನ ಸ್ಕೂಬಾ ಡೈವಿಂಗ್: ಕೆಲ್ಪ್ ಕಾಡು, ಮುಳುಗಿದ ಹಡಗು ಮತ್ತು ಕಡಲ ಜೀವಿಗಳ ನಡುವೆ ಇಳಿಯುವವರಿಗೆ ಸಮಗ್ರ ಮಾರ್ಗದರ್ಶಿ

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆಯನ್ನು ಹತ್ತು ಡಿಗ್ರಿ ಸೆಲ್ಸಿಯಸ್ ಕಡಲಿಗೆ ಇಳಿಯುವವರು ದಡದಲ್ಲೇ ಬಿಟ್ಟು ಹೋಗಬೇಕು. ಅಲ್ಲಿ ಚಳಿಯ ಲೆಕ್ಕ ಶುರುವಾಗುವುದೇ ನೀರಿಗಿಳಿದ ಮೇಲೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬೆಚ್ಚಗಿನ ಕಡಲಿನಲ್ಲಿ ಡೈವರ್ ಸಿಲಿಂಡರಿನ ಗಾಳಿಯೊಂದನ್ನೇ ಲೆಕ್ಕವಿಟ್ಟು ಖರ್ಚು ಮಾಡಿದರೆ ಬಹುಪಾಲು ಸಾಕು. ತಣ್ಣೀರಿನಲ್ಲಿ ಮೈಯ ಶಾಖವೂ ಅಷ್ಟೇ ಕಟ್ಟುನಿಟ್ಟಾಗಿ ಲೆಕ್ಕವಿಡಬೇಕಾದ ಸೊತ್ತು. ಗಾಳಿ ಎಷ್ಟು ಉಳಿದಿದೆ ಎಂದು ಹೇಳಲು ಮೀಟರ್ ಇದೆ, ಶಾಖಕ್ಕೆ ಅಂಥ ಮೀಟರ್ ಇಲ್ಲ. ಅದನ್ನು ತೋರಿಸುವುದು ನಿಮ್ಮ ಬೆರಳುಗಳು.

ಆದ್ದರಿಂದ ಮೊಟ್ಟಮೊದಲು ಈ ಪರೀಕ್ಷೆಯನ್ನು ಕಲಿತುಕೊಳ್ಳಿ. ನೀರಿನಡಿಯಲ್ಲಿ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳಿನ ತುದಿಯನ್ನು ಅದೇ ಕೈಯ ಕಿರುಬೆರಳಿನ ತುದಿಗೆ ಮುಟ್ಟಿಸಿ ನೋಡಿ. ಸಲೀಸಾಗಿ ಮುಟ್ಟಿದರೆ ಸರಿ. ತಡವರಿಸಿದರೆ ವಾಪಸು ಹೊರಡುವ ಹೊತ್ತಾಗಿದೆ. ಮುಟ್ಟಲೇ ಆಗದಿದ್ದರೆ ನೀವು ಆಗಲೇ ತಡಮಾಡಿದ್ದೀರಿ, ಏಕೆಂದರೆ ಅಂಥ ಬೆರಳುಗಳಿಗೆ ಬಕಲ್ ಬಿಚ್ಚಲು, ಚಾಕು ಹಿಡಿಯಲು, ಗುಂಡಿ ಒತ್ತಲು ಬರುವುದಿಲ್ಲ. ಚಳಿ ಮೊದಲು ಬೆರಳಿಗೆ ಕೈಹಾಕುತ್ತದೆ, ಆಮೇಲೆ ಬುದ್ಧಿಗೆ. ಕೆಳಗಿನ ಹಂತಗಳೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದವು.

ಹಂತ 1: ಮೈ ಮತ್ತು ತರಬೇತಿ

ವೈದ್ಯರ ಬಳಿ ಹೋಗಿ ಹೃದಯ ಮತ್ತು ರಕ್ತದೊತ್ತಡ ತೋರಿಸಿ ಬನ್ನಿ. ಇದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಲ್ಲ. ತಣ್ಣೀರು ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಕೈಕಾಲುಗಳ ರಕ್ತ ಎದೆಯ ಕಡೆಗೆ ನುಗ್ಗುತ್ತದೆ, ಆ ಹೊರೆಗೆ ಕೆಲವರಲ್ಲಿ ಶ್ವಾಸಕೋಶದೊಳಗೆ ದ್ರವ ಜಿನುಗತೊಡಗುತ್ತದೆ. ಒಳ್ಳೆಯ ಈಜುಗಾರರಿಗೂ ಹೀಗಾಗಬಹುದು. ರಕ್ತದೊತ್ತಡ ಹೆಚ್ಚಿರುವವರಿಗೆ, ವಯಸ್ಸಾದವರಿಗೆ ಅಪಾಯ ಹೆಚ್ಚು. ಶ್ರಮಕ್ಕೆ ಮೀರಿದ ಏದುಸಿರು, ಕೆಮ್ಮು, ನೊರೆಯಂಥ ಕಫ ಅದರ ಲಕ್ಷಣಗಳು. ಇವು ಕಂಡರೆ ‘ಸ್ವಲ್ಪ ಹೊತ್ತು ನೋಡೋಣ’ ಎನ್ನಬೇಡಿ. ನೀರಿನಿಂದ ಹೊರಬನ್ನಿ, ಆಮ್ಲಜನಕ ತೆಗೆದುಕೊಳ್ಳಿ, ಆಸ್ಪತ್ರೆಗೆ ಹೋಗಿ.

ತರಬೇತಿಯ ವಿಷಯದಲ್ಲಿ ನನ್ನದು ಒಂದೇ ಹಠ: ಒಂದು ಡೈವ್‌ಗೆ ಒಂದೇ ಹೊಸ ಸಂಗತಿ. ಹೊಸ ಡ್ರೈಸೂಟ್ (ನೀರು ಒಳಬಿಡದ ಉಡುಪು) ತೊಟ್ಟ ದಿನ ಕೆಲ್ಪ್ ಕಾಡು, ಅಂದರೆ ಮರದೆತ್ತರ ಬೆಳೆಯುವ ಕಡಲ ಪಾಚಿಯ ಕಾಡು, ಬೇಡ. ಮೊದಲ ಸಲ ಕೆಲ್ಪ್ ಕಾಡಿಗೆ ಹೋದ ದಿನ ಹೊಸ ಕ್ಯಾಮೆರಾ ಬೇಡ. ಡ್ರೈಸೂಟ್ ಕೋರ್ಸ್ ಮುಗಿಸಿ, ಅಲೆಯಿಲ್ಲದ ಕಡೆ ಆರರಿಂದ ಹತ್ತು ಮೀಟರ್ ಆಳದಲ್ಲಿ ಕನಿಷ್ಠ ಹತ್ತು ಡೈವ್ ಮಾಡಿ. ಆಮೇಲೆ ಮುಂದಿನದು.

ಹಂತ 2: ಉಡುಪು

ಮೈಗಂಟಿ ಕೂರುವ, ನೀರು ಒಳಬಿಡುವ ವೆಟ್‌ಸೂಟ್ ಬೆಚ್ಚಗಿಡುವುದು ನಿಯೋಪ್ರೀನ್ ಎಂಬ ರಬ್ಬರಿನೊಳಗಿನ ಸಣ್ಣ ಗಾಳಿಗುಳ್ಳೆಗಳಿಂದ. ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ, ಗುಳ್ಳೆಗಳು ಕುಗ್ಗುತ್ತವೆ, ಮೇಲೆ 7 ಮಿಲಿಮೀಟರ್ ಇದ್ದ ಸೂಟ್ ಆಳದಲ್ಲಿ ತೆಳ್ಳಗಾಗುತ್ತದೆ. ಚಳಿ ಹೆಚ್ಚಿರುವ ಕಡೆಯೇ ರಕ್ಷಣೆ ಕಡಿಮೆ! 15 ಡಿಗ್ರಿಯ ಸುತ್ತಮುತ್ತ, ಹೆಚ್ಚು ಆಳವಿಲ್ಲದ ಕಡೆ, 7 ಮಿಲಿಮೀಟರ್ ಸೂಟ್ ಮತ್ತು ಹುಡ್ (ತಲೆ, ಕಿವಿ ಮುಚ್ಚುವ ಗವಸು) ನಡೆಯುತ್ತದೆ. ಹತ್ತು, ಹನ್ನೆರಡು ಡಿಗ್ರಿಗಿಂತ ಕೆಳಗೆ ಡ್ರೈಸೂಟ್ ಇಲ್ಲದೆ ಇಳಿಯಬೇಡಿ ಎಂಬುದು ನನ್ನ ಸಲಹೆ.

ಡ್ರೈಸೂಟ್ ನೀರನ್ನು ತಡೆಯುತ್ತದೆ ಅಷ್ಟೇ, ಬೆಚ್ಚಗಿಡುವುದು ಒಳಗಿನ ಬಟ್ಟೆ. ಹತ್ತಿಯ ಬಟ್ಟೆ ಬೇಡವೇ ಬೇಡ: ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿ ಕೂರುತ್ತದೆ. ಚರ್ಮಕ್ಕೆ ತಾಗುವಂತೆ ಉಣ್ಣೆ ಅಥವಾ ಬೆವರನ್ನು ಹೊರದೂಡುವ ಸಿಂಥೆಟಿಕ್ ಬಟ್ಟೆ, ಅದರ ಮೇಲೆ ದಪ್ಪನೆಯ ಇನ್ನೊಂದು ಪದರ.

ಇಳಿಯುವಾಗ ನೀರಿನ ಒತ್ತಡ ಸೂಟನ್ನು ಮೈಗೆ ಹಿಂಡುತ್ತದೆ. ಆಗ ಎದೆಯ ಮೇಲಿನ ಗುಂಡಿಯನ್ನು ಚಿಟಿಕೆಯಷ್ಟು ಹೊತ್ತು ಒತ್ತಿ ಗಾಳಿ ಬಿಟ್ಟುಕೊಳ್ಳಬೇಕು. ಏರುವಾಗ ಅದೇ ಗಾಳಿ ಹಿಗ್ಗುತ್ತದೆ. ಎಡತೋಳಿನ ಕವಾಟವನ್ನು ತೆರೆದಿಟ್ಟು, ಮೊಣಕೈ ಮೇಲೆತ್ತಿ ಹೊರಬಿಡಬೇಕು. ಹೊಸಬರನ್ನು ಕಂಗೆಡಿಸುವುದು ಗಾಳಿ ಕಾಲಿನ ಕಡೆ ಓಡಿ ಪಾದ ಮೇಲಾಗಿ ತೇಲತೊಡಗುವ ಗಳಿಗೆ. ಆಗ ಮಂಡಿಯನ್ನು ಎದೆಗೆ ಮಡಚಿ, ಉರುಳಿ, ತಲೆ ಮೇಲಾಗಿಸಿ, ತೋಳಿನಿಂದ ಗಾಳಿ ಬಿಡಬೇಕು. ಆಳವಿಲ್ಲದ ನೀರಿನಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿ, ಯೋಚಿಸದೆ ಬರುವವರೆಗೆ.

ನೀರಿಗಿಳಿಯುವ ಮುಂಚೆ ಬೆನ್ನಿನ ಜಿಪ್ಪನ್ನು ಜೊತೆಗಾರ ಕೈಯಿಂದ ಮುಟ್ಟಿ ನೋಡಬೇಕು. ಕತ್ತಿನ ಮತ್ತು ಮಣಿಕಟ್ಟಿನ ರಬ್ಬರ್ ಪಟ್ಟಿಗಳ ಅಡಿಯಲ್ಲಿ ಒಂದು ಕೂದಲೆಳೆ, ಒಂದು ನೂಲು ಸಿಕ್ಕಿಕೊಂಡಿದ್ದರೂ ಅದೇ ದಾರಿಯಾಗಿ ನೀರು ಒಳಗೆ ಬರುತ್ತದೆ. ಕೈಗವಸು ತೊಟ್ಟುಕೊಂಡು ಎಲ್ಲ ಬಕಲ್‌ಗಳನ್ನು ನೆಲದ ಮೇಲೆಯೇ ಹತ್ತಾರು ಸಲ ಬಿಚ್ಚಿ, ಹಾಕಿ. ಕಣ್ಣು ಮುಚ್ಚಿಕೊಂಡೂ ಮಾಡಿ. ಕೈಗವಸಿನೊಳಗೆ ಎಲ್ಲ ಗುಂಡಿಗಳೂ ಒಂದೇ ಥರ ತೋರುತ್ತವೆ.

ಹಂತ 3: ರೆಗ್ಯುಲೇಟರ್

ಸಿಲಿಂಡರಿನ ಗಾಳಿಯ ಒತ್ತಡವನ್ನು ಉಸಿರಾಡುವಷ್ಟಕ್ಕೆ ಇಳಿಸಿ ಬಾಯಿಗೆ ಕೊಡುವ ಸಾಧನವೇ ರೆಗ್ಯುಲೇಟರ್. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಅದರ ಮೊದಲ ಹಂತದಲ್ಲಿ, ಅಂದರೆ ಸಿಲಿಂಡರಿಗೆ ಸಿಕ್ಕಿಸುವ ಭಾಗದಲ್ಲಿ, ಥಟ್ಟನೆ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಸುತ್ತಲಿನ ನೀರೂ ತಣ್ಣಗಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟಿ, ಕವಾಟ ತೆರೆದೇ ನಿಂತು, ಗಾಳಿ ನಿಲ್ಲದೆ ಸುರಿಯತೊಡಗುತ್ತದೆ. ಇದಕ್ಕೆ ಫ್ರೀಫ್ಲೋ ಎನ್ನುತ್ತಾರೆ. ಯುರೋಪಿನ ಇಎನ್ 250 ಮಾನದಂಡ 10 ಡಿಗ್ರಿಗಿಂತ ಕೆಳಗಿನ ನೀರನ್ನು ತಣ್ಣೀರು ಎಂದು ಪರಿಗಣಿಸುತ್ತದೆ. ಆ ಬಳಕೆಗೆ ಪ್ರಮಾಣಿತವಾದ, ಮೊದಲ ಹಂತಕ್ಕೆ ನೀರು ತಾಗದಂತೆ ಮುಚ್ಚಿದ ರೆಗ್ಯುಲೇಟರನ್ನೇ ಆರಿಸಿ.

ಆದರೂ ಯಂತ್ರಕ್ಕಿಂತ ಅಭ್ಯಾಸ ಮುಖ್ಯ ಎಂಬುದು ನನಗೆ 18 ಮೀಟರ್ ಆಳದಲ್ಲಿ, 6 ಡಿಗ್ರಿ ನೀರಿನಲ್ಲಿ ತಿಳಿಯಿತು. ಇಳಿಯುವ ಭರದಲ್ಲಿ ಸೂಟಿಗೂ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ತೇಲುಜಾಕೆಟ್ಟಿಗೂ ಒಟ್ಟಿಗೇ ಗುಂಡಿ ಒತ್ತಿದೆ, ಅದೇ ಕ್ಷಣ ದೀರ್ಘವಾಗಿ ಉಸಿರೆಳೆದೆ. ಬಾಯಲ್ಲಿದ್ದ ರೆಗ್ಯುಲೇಟರ್ ಗುಡುಗಿದಂತೆ ಸದ್ದು ಮಾಡಿ ಸುರಿಯತೊಡಗಿತು. ಗುಳ್ಳೆಗಳ ತೆರೆಯಲ್ಲಿ ಜೊತೆಗಾರನ ಮುಖವೇ ಕಾಣಲಿಲ್ಲ. ಮೀಟರಿನ ಮುಳ್ಳು 150ರಿಂದ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಜೊತೆಗಾರ ತನ್ನ ಎರಡನೇ ರೆಗ್ಯುಲೇಟರನ್ನು ನನ್ನ ಬಾಯಿಗಿಟ್ಟು, ನನ್ನ ಸಿಲಿಂಡರಿನ ಕವಾಟ ಮುಚ್ಚಿದಾಗ 60 ಬಾರ್ ಉಳಿದಿತ್ತು. ಎರಡು ನಿಮಿಷವೂ ಆಗಿರಲಿಲ್ಲ. ನಾವು ಹಗ್ಗ ಹಿಡಿದು ನಿಧಾನವಾಗಿ ಮೇಲೆ ಬಂದೆವು, ಆ ದಿನದ ಡೈವಿಂಗ್ ಅಲ್ಲಿಗೇ ಮುಗಿಯಿತು.

ಹಾಗಾಗಿ ಇವನ್ನು ರೂಢಿಸಿಕೊಳ್ಳಿ. ದಡದ ಕೊರೆವ ಗಾಳಿಯಲ್ಲಿ ನಿಂತು ರೆಗ್ಯುಲೇಟರಿನಿಂದ ಉಸಿರಾಡಬೇಡಿ, ಉಸಿರಿನ ತೇವ ಒಳಗೆ ಹೆಪ್ಪುಗಟ್ಟುತ್ತದೆ. ಗಾಳಿ ತುಂಬುವ ಗುಂಡಿಗಳನ್ನು ಚುಟುಕಾಗಿ, ಒಂದಾದ ಮೇಲೆ ಒಂದರಂತೆ ಒತ್ತಿ. ಒತ್ತುವಾಗ ಉಸಿರು ಹೊರಬಿಡುತ್ತಿರಿ. ಫ್ರೀಫ್ಲೋ ಆದರೆ ತುಟಿಯನ್ನು ಬಿಗಿಯಾಗಿ ಮುಚ್ಚದೆ, ಹೆಚ್ಚಿನ ಗಾಳಿ ಬದಿಯಿಂದ ಹೋಗಲು ಬಿಟ್ಟು, ಬೇಕಾದಷ್ಟನ್ನು ಮಾತ್ರ ಹೀರಬಹುದು. ಇದನ್ನು ಮೊದಲೇ ಶಿಕ್ಷಕರೊಂದಿಗೆ ಅಭ್ಯಾಸ ಮಾಡಿರಬೇಕು.

ಹಂತ 4: ತೂಕ

ದಪ್ಪ ಉಡುಪು ತೇಲಿಸುತ್ತದೆ, ಆದ್ದರಿಂದ ಸೀಸದ ತೂಕ ಹೆಚ್ಚು ಬೇಕು. ಎಷ್ಟು ಎಂಬುದನ್ನು ಯಾರದೋ ಪಟ್ಟಿ ನೋಡಿ ನಿರ್ಧರಿಸಬೇಡಿ. ಸಿಲಿಂಡರಿನಲ್ಲಿ ಸುಮಾರು 50 ಬಾರ್ ಉಳಿದಿರುವಾಗ, ಸೂಟ್ ಮತ್ತು ಜಾಕೆಟ್ ಖಾಲಿ ಮಾಡಿ ನೀರಿನಲ್ಲಿ ನೆಟ್ಟಗೆ ನಿಲ್ಲಿ. ನೀರು ಕಣ್ಣಿನ ಮಟ್ಟಕ್ಕೆ ಬಂದು, ಉಸಿರು ಬಿಟ್ಟಾಗ ಮೆಲ್ಲಗೆ ಮುಳುಗಿದರೆ ತೂಕ ಸರಿಯಿದೆ. ಒಳಬಟ್ಟೆ ಬದಲಾದರೆ ಈ ಪರೀಕ್ಷೆ ಮತ್ತೆ ಆಗಬೇಕು.

ಹಂತ 5: ಜಾಗ ಮತ್ತು ಕಾಲ

ತಣ್ಣೀರಿನಲ್ಲಿ ಬೇಸಿಗೆಯೇ ಒಳ್ಳೆಯದು ಎಂಬ ಊಹೆ ಹಲವು ಕಡೆ ತಪ್ಪು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಅಟ್ಲಾಂಟಿಕ್ ಬದಿಯಲ್ಲಿ ಬೇಸಿಗೆಯ ಆಗ್ನೇಯ ಮಾರುತ ಮೇಲ್ಮೈ ನೀರನ್ನು ತೀರದಿಂದ ದೂರ ತಳ್ಳುತ್ತದೆ. ಅದರ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಹೀಗಾಗಿ ಅಲ್ಲಿ ಬೇಸಿಗೆಯ ನೀರು ಚಳಿಗಾಲದ ನೀರಿಗಿಂತ ತಣ್ಣಗಿರುವುದುಂಟು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ವಸಂತದ ವಾಯವ್ಯ ಮಾರುತವೂ ಇದನ್ನೇ ಮಾಡುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ವಸಂತ ಮತ್ತು ಬೇಸಿಗೆಯ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ನೀರನ್ನು ಹಸಿರು ಗಂಜಿಯಂತೆ ಮಾಡುತ್ತವೆ. ನೀರು ತಿಳಿಯಾಗುವುದು ಚಳಿಗಾಲದಲ್ಲಿ. ಹೀಗೆ ಮೇಲೇರಿ ಬರುವ ತಣ್ಣೀರೇ ಪೋಷಕಾಂಶಗಳನ್ನು ಹೊತ್ತು ತರುತ್ತದೆ, ಅದರಿಂದಲೇ ಈ ಕಡಲುಗಳು ಇಷ್ಟು ತುಂಬಿಕೊಂಡಿವೆ.

ಉಬ್ಬರವಿಳಿತದ ಪಟ್ಟಿ ನೋಡದೆ ಯಾವ ಜಾಗಕ್ಕೂ ಹೊರಡಬೇಡಿ. ಕಿರಿದಾದ ಜಲಸಂಧಿಗಳಲ್ಲಿ ಉಬ್ಬರ ಮತ್ತು ಇಳಿತದ ನಡುವೆ ನೀರು ನಿಂತಂತಿರುವ ಸಣ್ಣ ಅವಧಿಯೇ ಡೈವಿಂಗ್‌ಗೆ ಸಿಗುವ ಹೊತ್ತು. ಕೆಲ್ಪ್ ದಂಟುಗಳು ಮಲಗಿದಂತೆ ವಾಲಿದ್ದರೆ ಕೆಳಗೆ ಪ್ರವಾಹ ಜೋರಾಗಿದೆ. ನೆಟ್ಟಗಾಗುವವರೆಗೆ ಕಾಯಿರಿ.

ಹಂತ 6: ನೀರಿಗೆ ಇಳಿಯುವುದು

ಬಂದ ಕೂಡಲೇ ಮುಳುಗಬೇಡಿ. ಮೈಗೆ ತಣ್ಣೀರು ಥಟ್ಟನೆ ತಾಗಿದಾಗ ಉಸಿರು ತಾನಾಗಿಯೇ ಮೇಲಕ್ಕೆ ಎಳೆಯುತ್ತದೆ, ಎದೆ ಬಡಿತ ಏರುತ್ತದೆ. ಎರಡು ಮೂರು ನಿಮಿಷದಲ್ಲಿ ಇದು ಶಮನವಾಗುತ್ತದೆ. ರೆಗ್ಯುಲೇಟರ್ ಬಾಯಲ್ಲಿಟ್ಟು, ಮೊದಲು ಮುಖ ನೀರಿಗಿಟ್ಟು, ಉಸಿರು ಹದಕ್ಕೆ ಬರುವವರೆಗೆ ಮೇಲೆಯೇ ತೇಲಿ. ಹುಡ್‌ನ ಎರಡೂ ಬದಿಯನ್ನು ಸ್ವಲ್ಪ ಎತ್ತಿ ಎರಡು ಕಿವಿಗಳಿಗೂ ಒಟ್ಟಿಗೆ ನೀರು ಬಿಟ್ಟುಕೊಳ್ಳಿ. ಒಂದೇ ಕಿವಿಗೆ ತಣ್ಣೀರು ನುಗ್ಗಿದರೆ ತಲೆ ಗಿರ್ರೆಂದು ತಿರುಗುತ್ತದೆ. ಅಂಥ ಸುತ್ತು ಕೆಳಗೆ ಬಂದರೆ ಬಂಡೆಯನ್ನೋ ಹಗ್ಗವನ್ನೋ ಹಿಡಿದು ನಿಲ್ಲಿ, ನೀರು ಕಿವಿಯೊಳಗೆ ಬೆಚ್ಚಗಾದ ಮೇಲೆ ಅದು ಹೋಗುತ್ತದೆ.

ಹಂತ 7: ಕೆಲ್ಪ್ ಕಾಡಿನೊಳಗೆ

ಕೆಲ್ಪ್ ಮರದಂತೆ ಕಂಡರೂ ಸಸ್ಯವಲ್ಲ, ಕಂದು ಪಾಚಿಯ ಜಾತಿ. ಅದಕ್ಕೆ ಬೇರಿಲ್ಲ. ಬುಡದಲ್ಲಿರುವ ಬೇರಿನಂಥ ಗಂಟು ಬಂಡೆಯನ್ನು ಅಪ್ಪಿ ಹಿಡಿಯುತ್ತದೆ, ಆಹಾರವನ್ನು ಎಲೆಗಳೇ ನೀರಿನಿಂದ ಹೀರಿಕೊಳ್ಳುತ್ತವೆ. ಎಲೆಯ ಬುಡದಲ್ಲಿರುವ ಗಾಳಿಬುರುಡೆಗಳು ಇಡೀ ದಂಟನ್ನು ಎತ್ತಿ ನಿಲ್ಲಿಸುತ್ತವೆ. ದೈತ್ಯ ಕೆಲ್ಪ್ ಅನುಕೂಲ ಸಿಕ್ಕರೆ ದಿನಕ್ಕೆ 60 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು, 30 ಮೀಟರ್ ಮೀರಿ ಮೇಲ್ಮೈಯಲ್ಲಿ ಚಪ್ಪರ ಹಾಸಬಲ್ಲದು. ಆ ಚಪ್ಪರದ ಕಿಂಡಿಗಳಿಂದ ಬೆಳಕು ಕೋಲುಕೋಲಾಗಿ ಇಳಿಯುವುದನ್ನು ಒಮ್ಮೆ ಕಂಡವರು ಚಳಿಯನ್ನು ಕ್ಷಮಿಸಿಬಿಡುತ್ತಾರೆ.

ಒಳಗೆ ಹೋಗುವ ಮುನ್ನ ಮೈಯಿಂದ ಹೊರಚಾಚಿದ ಎಲ್ಲವನ್ನೂ ಅಡಗಿಸಿ. ಫಿನ್‌ಗಳ, ಅಂದರೆ ಕಾಲಿಗೆ ತೊಡುವ ಈಜುರೆಕ್ಕೆಗಳ, ಪಟ್ಟಿಯ ತುದಿಯನ್ನು ಒಳಮುಖವಾಗಿ ತಿರುಗಿಸಿ ಟೇಪ್ ಸುತ್ತಿ, ನಳಿಕೆಗಳನ್ನು ಎದೆಗೆ ಸಿಕ್ಕಿಸಿ, ಚಾಕುವನ್ನು ಕಾಲಿನ ಹೊರಬದಿಗೆ ಕಟ್ಟಬೇಡಿ. ಚಪ್ಪರದಲ್ಲಿ ತೆರವಿರುವ ಕಡೆ ಪಾದ ಕೆಳಗಾಗಿ ಇಳಿಯಿರಿ. ದಿಕ್ಸೂಚಿ ನೋಡಿಕೊಂಡು, ದಂಟುಗಳ ನಡುವಿನ ಓಣಿಗಳಲ್ಲಿ ಸಾಗಿ.

ಸಿಕ್ಕಿಕೊಳ್ಳುವುದು ಹೆಚ್ಚಾಗಿ ಸಿಲಿಂಡರಿನ ಕವಾಟ, ಅದೂ ನಿಮ್ಮ ಕಣ್ಣಿಗೆ ಬೀಳದ ಕಡೆ. ಯಾರೋ ಹಿಂದಿನಿಂದ ಮೆತ್ತಗೆ ಹಿಡಿದೆಳೆದಂತೆ ಅನಿಸುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದೆ ನಿಲ್ಲುವುದು. ತಿರುಗಿ ನೋಡಹೊರಟರೆ ದಂಟು ನೂಲಿನಂತೆ ಮೈಗೆ ಸುತ್ತಿಕೊಳ್ಳುತ್ತದೆ. ನಿಂತು, ಉಸಿರು ಬಿಟ್ಟು, ಬಂದ ದಾರಿಯಲ್ಲೇ ಒಂದು ಗೇಣು ಹಿಂದೆ ಸರಿಯಿರಿ. ಬಹುತೇಕ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಜೊತೆಗಾರನಿಗೆ ಸನ್ನೆ ಮಾಡಿ. ದೈತ್ಯ ಕೆಲ್ಪ್‌ನ ದಂಟನ್ನು ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಪೆನ್ಸಿಲ್ ಮುರಿದಂತೆ ಥಟ್ಟನೆ ಮಡಚಿದರೆ ಲಟಕ್ಕನೆ ತುಂಡಾಗುತ್ತದೆ. ದಂಟು ದಪ್ಪಗಿರುವ ಜಾತಿಗಳಿಗೆ ಚಾಕು ಬೇಕು. ಚಾಕು ಬೀಸುವ ಮೊದಲು ಕತ್ತರಿಸುತ್ತಿರುವುದು ದಂಟೋ ಗಾಳಿಯ ನಳಿಕೆಯೋ ಎಂದು ಕೈಯಿಂದ ಮುಟ್ಟಿ ನಿಶ್ಚಯಿಸಿಕೊಳ್ಳಿ.

ವಾಪಸು ಬರುವಾಗ ಚಪ್ಪರದ ಕೆಳಗಿನಿಂದಲೇ ಬರಬೇಕು. ಅದಕ್ಕಾಗಿ 70 ಬಾರ್ ಇರುವಾಗಲೇ ತಿರುಗಿ. ಗಾಳಿ ಮುಗಿದು ಚಪ್ಪರದ ನಡುವೆ ತಲೆ ಎತ್ತಿದರೆ ಹೊಟ್ಟೆಯ ಮೇಲೆ ಚಪ್ಪಟೆಯಾಗಿ ಮಲಗಿ, ಮುಂದಿನ ಎಲೆಗಳನ್ನು ಕೈಯಿಂದ ಕೆಳಗೆ ಒತ್ತಿ, ಅವುಗಳ ಮೇಲೆ ತೆವಳಬೇಕಾಗುತ್ತದೆ. ಕಾಲು ಬಡಿಯಬಾರದು. ಐವತ್ತು ಮೀಟರ್ ತೆವಳಿದರೆ ಮೈಯೆಲ್ಲ ನುಗ್ಗಾಗುತ್ತದೆ.

ಹಂತ 8: ಅಲ್ಲಿ ವಾಸಿಸುವವರ ಜೊತೆ

ಬ್ರಿಟಿಷ್ ಕೊಲಂಬಿಯಾದ ದೈತ್ಯ ಪೆಸಿಫಿಕ್ ಆಕ್ಟೋಪಸ್‌ನ ಮನೆ ಹುಡುಕಬೇಕಾದರೆ ಬಂಡೆಯ ಸಂದಿಗಳನ್ನು ನೋಡಬೇಡಿ, ಸಂದಿಯ ಮುಂದಿನ ನೆಲ ನೋಡಿ. ತಿಂದು ಬಿಸಾಕಿದ ಏಡಿ ಚಿಪ್ಪುಗಳು ಬಾಗಿಲಲ್ಲಿ ರಾಶಿ ಬಿದ್ದಿರುತ್ತವೆ. ಟಾರ್ಚನ್ನು ನೇರ ಕಣ್ಣಿಗೆ ಬಿಡದೆ ಪಕ್ಕದ ಬಂಡೆಗೆ ಹಿಡಿದು, ಒಂದು ಮೀಟರ್ ದೂರದಲ್ಲಿ ಅಲುಗಾಡದೆ ನಿಲ್ಲಿ. ಒಮ್ಮೆ ಹಾಗೆ ನಿಂತಿದ್ದಾಗ ಒಂದು ತೋಳು ಮೆಲ್ಲನೆ ಹೊರಬಂದು ನನ್ನ ಕೈಗವಸಿನ ತುದಿಯನ್ನು ಒಂದೊಂದೇ ಹೀರುಬಟ್ಟಲಿನಿಂದ ತಡವಿ ನೋಡಿತು. ಬೆರಳಿನ ಸಂದಿ, ಮಣಿಕಟ್ಟಿನ ಉಂಗುರ, ಮತ್ತೆ ಬೆರಳಿನ ತುದಿ. ತಿನ್ನುವಂಥದ್ದಲ್ಲ ಎಂದು ತಿಳಿದ ಮೇಲೆ ಅಷ್ಟೇ ನಿಧಾನವಾಗಿ ಒಳಗೆ ಸರಿಯಿತು. ಅದನ್ನು ಹೊರಗೆಳೆಯಲು ಯತ್ನಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೊಟ್ಟೆ ಕಾಯುತ್ತಿರುವ ತಾಯಿ ತಿಂಗಳುಗಟ್ಟಲೆ ಆಹಾರ ಬಿಟ್ಟು ಅಲ್ಲೇ ಕೂತಿರುತ್ತಾಳೆ, ಮರಿಗಳು ಹೊರಬಂದ ಹೊತ್ತಿಗೆ ಸಾಯುತ್ತಾಳೆ.

ಸೀಲ್‌ಗಳನ್ನು ಬೆನ್ನಟ್ಟಿದರೆ ಅವು ಓಡುತ್ತವೆ. ಸುಮ್ಮನಿದ್ದರೆ ಬಂದು ಫಿನ್ ಕಚ್ಚಿ ಎಳೆಯುತ್ತವೆ. ಅವು ಬಂಡೆಯಿಂದ ನೀರಿಗಿಳಿಯುವ ದಾರಿಗೆ ಅಡ್ಡ ನಿಲ್ಲಬೇಡಿ, ತಾಯಿ ಮತ್ತು ಮರಿಯ ನಡುವೆ ಹೋಗಲೇಬೇಡಿ. ಅಮೆರಿಕದಲ್ಲಿ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವಕ್ಕೆ ಕಿರುಕುಳ ಕೊಡುವುದು ಅಪರಾಧ. ಸೀಲ್ ಕಚ್ಚಿದ ಗಾಯ ಕೆಟ್ಟದಾಗಿ ಕೀವಾಗಬಹುದು, ವೈದ್ಯರಿಗೆ ಕಚ್ಚಿದ್ದು ಸೀಲ್ ಎಂದು ಮರೆಯದೆ ಹೇಳಿ.

ಕೆಲ್ಪ್ ಇಲ್ಲದ ಬೋಳು ಬಂಡೆಯ ಮೇಲೆ ನೇರಳೆ ಬಣ್ಣದ ಮುಳ್ಳುಚೆಂಡುಗಳು, ಅಂದರೆ ಸೀ ಅರ್ಚಿನ್‌ಗಳು ಕಿಕ್ಕಿರಿದಿದ್ದರೆ ಅದು ಗಾಯಗೊಂಡ ಕಡಲು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಒಂದು ಕಾಯಿಲೆ ನಕ್ಷತ್ರಮೀನುಗಳನ್ನು ಕೊಂದಿತು, ಮರುವರ್ಷದಿಂದ ಕಡಲು ಬಿಸಿಯೇರಿತು, ಅರ್ಚಿನ್ ತಿನ್ನುವವರಿಲ್ಲದೆ ಅವು ಕೆಲ್ಪನ್ನು ಮೇಯ್ದುಬಿಟ್ಟವು. ಅಲ್ಲಿನ ಬುಲ್ ಕೆಲ್ಪ್ ಕಾಡಿನ ಶೇ. 90ಕ್ಕೂ ಹೆಚ್ಚು ಭಾಗ ಹೋಯಿತು. ನೀವು ಕಂಡದ್ದನ್ನು, ದಿನಾಂಕ ಮತ್ತು ಆಳದ ಸಮೇತ, ಸ್ಥಳೀಯ ಸಮೀಕ್ಷೆ ನಡೆಸುವವರಿಗೆ ಕೊಡಿ.

ಹಂತ 9: ಮುಳುಗಿದ ಹಡಗು

ಸ್ಕಾಟ್ಲೆಂಡಿನ ಉತ್ತರಕ್ಕೆ ಓರ್ಕ್‌ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ತಣ್ಣೀರಿನ ಹಡಗು ಡೈವಿಂಗ್‌ನ ದೊಡ್ಡ ಹೆಸರು. ಅಲ್ಲಿ ಬಂಧನದಲ್ಲಿದ್ದ ಜರ್ಮನ್ ನೌಕಾಪಡೆಯ 74 ಹಡಗುಗಳನ್ನು ಅವರದೇ ಸಿಬ್ಬಂದಿ 1919ರ ಜೂನ್ 21ರಂದು ಮುಳುಗಿಸಲು ಹೊರಟರು, 52 ಮುಳುಗಿದವು. ಹೆಚ್ಚಿನವನ್ನು ಮುಂದೆ ಮೇಲೆತ್ತಲಾಯಿತು. ಕೋನಿಗ್, ಮಾರ್ಕ್‌ಗ್ರಾಫ್, ಕ್ರೋನ್‌ಪ್ರಿಂಜ್ ವಿಲ್ಹೆಲ್ಮ್ ಎಂಬ ಮೂರು ಯುದ್ಧನೌಕೆಗಳು ಮತ್ತು ನಾಲ್ಕು ಲಘು ಕ್ರೂಸರ್‌ಗಳು ಇಂದಿಗೂ ಅಲ್ಲಿವೆ. ಅದೇ ನೀರಿನಲ್ಲಿ 1939ರ ಅಕ್ಟೋಬರ್ 14ರಂದು ಮುಳುಗಿದ ರಾಯಲ್ ಓಕ್ ನೌಕೆಯೂ ಇದೆ. ಅದರಲ್ಲಿ 835 ಮಂದಿ ಸತ್ತರು. ಅದು ಸಮಾಧಿ, ಸಾರ್ವಜನಿಕರು ಅಲ್ಲಿ ಇಳಿಯುವಂತಿಲ್ಲ. ಯಾವ ಹಡಗಿನಿಂದಲೂ ಒಂದು ಮೊಳೆಯನ್ನೂ ತರಬೇಡಿ.

ಗಾಳಿಯ ಲೆಕ್ಕವನ್ನು ದೋಣಿಯ ಮೇಲೆಯೇ ಬರೆದುಕೊಳ್ಳಿ. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಎಂದರೆ 2400 ಲೀಟರ್ ಗಾಳಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ ಒತ್ತಡ 3 ಬಾರ್ ಆದ್ದರಿಂದ 60 ಲೀಟರ್ ಬೇಕು. ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಒಂದು ಭಾಗ ಆಪತ್ತಿಗೆ ಎಂದಿಟ್ಟರೆ ಹೋಗುವ ಪಾಲು 800 ಲೀಟರ್, ಅಂದರೆ 13 ನಿಮಿಷ. ಚಳಿಯಲ್ಲಿ ನಡುಗತೊಡಗಿದರೆ ಅದೂ ಇಲ್ಲ. 13 ನಿಮಿಷವೇ ಎಂದು ಬೇಸರಪಡುವವರು ಕಡಿಮೆ ಆಳದ ಹಡಗು ಆರಿಸಿಕೊಳ್ಳಲಿ, ಆಪತ್ತಿನ ಪಾಲಿಗೆ ಕೈಹಾಕಬಾರದು.

ಇಳಿಯುವುದೂ ಏರುವುದೂ ಹಡಗಿಗೆ ಕಟ್ಟಿದ ಹಗ್ಗದ ಮೇಲೆ. ಹಗ್ಗ ತಪ್ಪಿದರೆ ಗಾಳಿ ತುಂಬಿ ಮೇಲೆ ಬಿಡುವ ಕಿತ್ತಳೆ ಬಣ್ಣದ ಗುರುತಿನ ಚೀಲ ಮತ್ತು ನೂಲಿನ ರೀಲ್ ನಿಮ್ಮಲ್ಲಿರಲಿ. ಹಡಗುಗಳ ಮೇಲೆ ಹಳೆಯ ಮೀನುಬಲೆಗಳು ಜೋತುಬಿದ್ದಿರುತ್ತವೆ, ಕಣ್ಣಿಗೆ ಕಾಣದ ಗಾಳದ ನೂಲು ಇರುತ್ತದೆ. ಕತ್ತರಿಸುವ ಸಾಧನ ಎರಡು ಬೇಕು, ಎರಡೂ ಕೈಗೆ ಸಿಗುವ ಬೇರೆ ಬೇರೆ ಕಡೆ. ಟಾರ್ಚೂ ಎರಡು. ಕಪ್ಪೆಯಂತೆ ಕಾಲು ಬಿಡಿಸಿ ಒದೆಯುವುದನ್ನು ಕಲಿಯಿರಿ, ಮೇಲೆ ಕೆಳಗೆ ಒದ್ದರೆ ನೂರು ವರ್ಷದ ಹೂಳೆದ್ದು ಏನೂ ಕಾಣದಾಗುತ್ತದೆ. ಒಳಗೆ ಹೋಗುವುದಕ್ಕೆ ಬೇರೆಯೇ ತರಬೇತಿ ಬೇಕು, ಅದಿಲ್ಲದವರು ಬಾಗಿಲಿನಿಂದ ಟಾರ್ಚ್ ಹಾಯಿಸಿ ನೋಡಿ ತೃಪ್ತರಾಗಬೇಕು. 30 ಮೀಟರ್ ದಾಟಿದರೆ, ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ತರುವ ಮಂಪರು ಚಳಿಯ ಮಂದತನದ ಜೊತೆ ಸೇರುತ್ತದೆ. ಅಲ್ಲಿ ಬೆರಳಿನ ಪರೀಕ್ಷೆಯನ್ನು ಐದಲ್ಲ, ಮೂರು ನಿಮಿಷಕ್ಕೊಮ್ಮೆ ಮಾಡಿ.

ಹಂತ 10: ಮೇಲೆ ಬರುವುದು, ಬಂದ ಮೇಲೆ

ನಿಮಿಷಕ್ಕೆ ಒಂಬತ್ತು ಮೀಟರ್ ಮೀರದಂತೆ ಏರಿ, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿ. ತಳದಲ್ಲಿ ಬೆಚ್ಚಗಿದ್ದಾಗ ರಕ್ತ ಚೆನ್ನಾಗಿ ಹರಿದು ಮೈ ಸಾರಜನಕವನ್ನು ಹೆಚ್ಚು ಹೀರುತ್ತದೆ; ಏರುವಾಗ ಚಳಿ ಹಿಡಿದರೆ ನಾಳಗಳು ಕುಗ್ಗಿ ಅದು ಹೊರಹೋಗುವುದು ನಿಧಾನವಾಗುತ್ತದೆ. ಹಾಗಾಗಿ ನಡುಗುತ್ತ ಕೊನೆಯ ನಿಲುಗಡೆಗೆ ಬರುವಂತೆ ಡೈವನ್ನು ಎಳೆಯಬಾರದು. ಆಳ ಮತ್ತು ಸಮಯದ ಲೆಕ್ಕವಿಡುವ ಡೈವ್ ಕಂಪ್ಯೂಟರ್ ಕೊಟ್ಟ ಮಿತಿಗಿಂತ ಬಹಳ ಮೊದಲೇ ಏರಿ, ಚಳಿ ಎನಿಸಿದ ದಿನ ನಿಲುಗಡೆಯನ್ನು ಇನ್ನೂ ಎರಡು ಮೂರು ನಿಮಿಷ ಹೆಚ್ಚಿಸಿ.

ದೋಣಿಗೆ ಬಂದ ಮೇಲೆ ಭಾರ ಎತ್ತುವ ಕೆಲಸ ಬೇರೆಯವರು ಮಾಡಲಿ. ಗಾಳಿ ಬೀಸದ ಕಡೆ ಕೂತು, ಒಣ ಬಟ್ಟೆ, ಟೋಪಿ, ಬಿಸಿ ಪಾನೀಯ. ಕೂಡಲೇ ಬಿಸಿನೀರಿನ ಸ್ನಾನ ಬೇಡ: ಚರ್ಮಕ್ಕೆ ರಕ್ತ ಥಟ್ಟನೆ ನುಗ್ಗಿದರೆ ತಲೆಸುತ್ತು ಬರಬಹುದು, ಉಳಿದ ಸಾರಜನಕ ಗುಳ್ಳೆಗಟ್ಟಲೂಬಹುದು. ಕೀಲುನೋವು, ಮರಗಟ್ಟುವಿಕೆ ಕಂಡರೆ ‘ಚಳಿಯಿಂದ ಇರಬೇಕು’ ಎಂದು ತಳ್ಳಿಹಾಕದೆ ಆಮ್ಲಜನಕ ಕೊಟ್ಟು ವೈದ್ಯರನ್ನು ಸಂಪರ್ಕಿಸಿ. ಹಲವು ಡೈವ್‌ಗಳ ನಂತರ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ.

ಸೂಟನ್ನು ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಹಾಕಿ, ಜಿಪ್ಪಿಗೆ ಮೇಣ ಸವರಿ. ಆಮೇಲೆ, ನೆನಪು ಹಸಿಯಾಗಿರುವಾಗಲೇ, ಲಾಗ್ ಪುಸ್ತಕ ತೆರೆಯಿರಿ. ತಳದ ನೀರಿನ ತಾಪಮಾನ, ತೊಟ್ಟಿದ್ದ ಒಳಬಟ್ಟೆ, ತೂಕ, ಉಳಿದ ಗಾಳಿ, ಮತ್ತು ಹೆಬ್ಬೆರಳು ಕಿರುಬೆರಳನ್ನು ಮುಟ್ಟಲು ಎಷ್ಟನೇ ನಿಮಿಷಕ್ಕೆ ತಡವರಿಸಿತು ಎಂಬುದನ್ನು ಬರೆಯಿರಿ. ಮುಂದಿನ ಸಲ ಅದೇ ನೀರಿಗೆ ಇಳಿಯುವಾಗ, ಆ ನಿಮಿಷಕ್ಕಿಂತ ಹತ್ತು ನಿಮಿಷ ಮೊದಲು ಹಗ್ಗದ ಬುಡದಲ್ಲಿರಿ.